ಒದ್ದು, ವದ್ದು

ನಗಿಸುವ ಕಥೆಯೊಂದು ಬಹಳ ವರ್ಷದಿಂದ ನನ್ನ ಬಳಿ ಇತ್ತು. ಮದುವೆಮನೆಯ ಪಂಕ್ತಿಯಲ್ಲಿ, ಬಸ್ಸು ಕೆಟ್ಟು ನಿಂತಾಗ, ಮೌಲ್ಯಮಾಪನದ ಕೊಠಡಿಯಲ್ಲಿ, ಎಲ್ಲಿ ಬಿಚ್ಚಿದರೂ ಅದು ಕೈಕೊಟ್ಟದ್ದಿಲ್ಲ. ಹೋದ ತಿಂಗಳಿಂದ ಅದು ನಿಜವೇ ಎಂಬ ಅನುಮಾನ ಹತ್ತಿದೆ.

ಮಧುಗಿರಿಯ ಕಾಲೇಜಿನಲ್ಲಿ ನಾನು ಫುಟ್‌ಬಾಲ್ ತಂಡದ ಬ್ಯಾಕ್. ಓಡಲಾರದವರನ್ನು ಹಿಂದೆ ನಿಲ್ಲಿಸುತ್ತಿದ್ದರು ಎಂದು ಅರ್ಥ. ನಮ್ಮ ಮೈದಾನ ಒಂದು ಕಡೆಗೆ ವಾಲಿತ್ತು. ಮೊದಲರ್ಧದಲ್ಲಿ ಗೆಲ್ಲುತ್ತಿದ್ದವರು ಎರಡನೆಯ ಅರ್ಧದಲ್ಲಿ ಸೋಲುತ್ತಿದ್ದರು.

ಆ ವರ್ಷ ಹೊಸ ಕೋಚ್ ಬಂದರು. ವೈ.ಎನ್.ಹೊಸಕೋಟೆಯ ಓಬಳೇಶ್ ಸರ್. ಒಂದು ವರ್ಷದ ನೇಮಕ. ತಂಡ ಸೆಮಿಫೈನಲ್ ಮುಟ್ಟಿದರೆ ಮುಂದುವರಿಸುತ್ತೇವೆಂದು ಪ್ರಿನ್ಸಿಪಾಲರು ಹೇಳಿದ್ದರು. ಪಾವಗಡದ ಕಡೆಯವರಲ್ಲವೇ, ಸರ್ ಆತುರದಲ್ಲಿ ತೆಲುಗಿಗೆ ಜಾರುತ್ತಿದ್ದರು. ಮೊದಲ ದಿನ ನಾನು ಚೆಂಡಿಗೆ ಕಾಲೆತ್ತಿದಾಗ “ವದ್ದು! ವದ್ದು!” ಎಂದು ಕೂಗಿದರು. ತೆಲುಗಿನಲ್ಲಿ ಹಾಗೆಂದರೆ ಬೇಡ ಎಂದು. ಒದೆಯುವುದನ್ನೇ ವದಿಯುವುದು ಎನ್ನುವ ನಮ್ಮ ಕಿವಿಗೆ ಅದು ‘ಒದ್ದು ಬುಡು’ ಎಂಬಂತೆ ಕೇಳಿತು. ಬಾರಿಸಿದೆ. ಚೆಂಡು ಬೇಲಿಯಾಚೆಯ ಹುಣಸೆಮರಕ್ಕೆ ಸಿಕ್ಕಿಕೊಂಡಿತು.

“ವದ್ದು ಅಂದ್ನಲ್ಲಪ್ಪಾ!”

“ಅದ್ಕೇ ವದ್ದೆ ಸಾರ್!”

ಸರ್ ಅಲ್ಲೇ ಕೂತು ನಕ್ಕರು. ಮರುದಿನದಿಂದ ಬೇಡ ಎನ್ನಲು ಹೆಗಲ ಮೇಲಿನ ಟವೆಲ್ ಬೀಸತೊಡಗಿದರು.

ಕೊರಟಗೆರೆಯಲ್ಲಿ ಸಮ ಮಾಡಿಕೊಂಡೆವು. ಪಾವಗಡದಲ್ಲಿ ಗೆದ್ದೆವು, ಅಲ್ಲಿಯವರು ಸರ್‌ಗೆ ತೆಲುಗಿನಲ್ಲಿ ಬೈದರು, ಅದರ ಅರ್ಥವನ್ನು ಅವರು ನಮಗೆ ಹೇಳಲಿಲ್ಲ. ಶಿರಾದಲ್ಲಿ ಸೋಲದಿದ್ದರೆ ಸೆಮಿಫೈನಲ್. ಕೊನೆಯ ನಿಮಿಷದವರೆಗೂ ಆಟ ಸಮವಾಗಿತ್ತು, ಚೆಂಡು ತಾನಾಗಿ ಗೆರೆ ದಾಟಿ ಹೊರಹೋಗುವುದರಲ್ಲಿತ್ತು. ನಾನು ಒದ್ದೆ. ಅದು ನಮ್ಮ ಗೋಲ್‌ಕೀಪರ್ ತಿಮ್ಮರಾಜುವಿನ ಮೊಣಕಾಲಿಗೆ ಬಡಿದು ನಮ್ಮದೇ ಗೋಲಿನೊಳಗೆ ಹೋಯಿತು.

ಯಾಕೆ ಒದ್ದೆಯೆಂದು ಪ್ರಿನ್ಸಿಪಾಲರು ಕೇಳಿದಾಗ, “ಸರ್ ವದ್ದು ಅಂದ್ರು, ಒದ್ದೆ” ಎಂದೆ.

ಓಬಳೇಶ್ ಸರ್ ನನ್ನ ಮುಖವನ್ನೇ ನೋಡಿದರು. ಆಮೇಲೆ, “ಹೌದು ಸಾರ್, ನಂದೇ ತಪ್ಪು. ಬಾಯ್ತಪ್ಪಿ ತೆಲುಗು ಬಂದ್ಬುಡ್ತು” ಎಂದರು.

ಮುಂದಿನ ವರ್ಷ ಅವರಿರಲಿಲ್ಲ. ಕಥೆ ಉಳಿಯಿತು. ನಾನು ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಓದಿದ ಮೇಲೆ ಅದಕ್ಕೆ ಒಕಾರ ವಕಾರಗಳ ಅಡಿಟಿಪ್ಪಣಿಯೂ ಸೇರಿ ಇನ್ನಷ್ಟು ಗೌರವ ಬಂತು.

ಹೋದ ತಿಂಗಳು ಬಡವನಹಳ್ಳಿಯ ಟೀ ಅಂಗಡಿಯಲ್ಲಿ ತಿಮ್ಮರಾಜು ಸಿಕ್ಕ. ಅಲ್ಲಿದ್ದವರಿಗೆ ಕಥೆ ಹೇಳಿದೆ. ಎಲ್ಲರೂ ನಕ್ಕರು, ಅವನೊಬ್ಬನನ್ನು ಬಿಟ್ಟು.

“ಇನ್ನೂ ಎಷ್ಟ್ ವರ್ಷ ಹೇಳ್ತೀಯಲಾ ಅದ್ನ? ಸರ್ ಅವತ್ತು ಬಾಯೇ ಬುಡ್ಲಿಲ್ಲ. ಟವೆಲ್ ಬೀಸ್ತಿದ್ರು. ‘ಬುಡ್ಲಾ’ ಅಂತ ಕೂಗಿದ್ದು ನಾನು.”

“ನಂಗೆ ಕೇಳಿಸ್ತು ಕಣೋ, ವದ್ದು ಅಂತ.”

“ಮೊದಲ್ನೇ ದಿನದ್ದು ಕೇಳಿಸಿರ್ಬೇಕು ಬುಡು.”

ಅವನ ನೆನಪನ್ನೂ ಸಂದೇಹಿಸುವ ಹಕ್ಕು ನನಗಿದೆ; ಓದಿದ್ದೇ ಅದಕ್ಕೆ. ಆದರೆ ಈಗ ಕಣ್ಣು ಮುಚ್ಚಿದರೆ ಹಸಿರು ಚೌಕಳಿಯ ಟವೆಲ್ ಕಾಣುತ್ತದೆ. ಅದನ್ನು ಅಂದೇ ಕಂಡಿದ್ದೆನೋ, ತಿಮ್ಮರಾಜು ಹೇಳಿದ ಮೇಲೆ ಕಂಡೆನೋ, ತಿಳಿಯುತ್ತಿಲ್ಲ. ತಿಳಿಯುವುದು ಇಷ್ಟೇ: ಬಾಯಿಯನ್ನೇ ತೆರೆಯದವರು ನನಗಾಗಿ ಬಾಯ್ತಪ್ಪಿತು ಎಂದಿರಬಹುದು. ಅದನ್ನು ನಾನು ಇಷ್ಟು ವರ್ಷ ಊರೂರಿಗೆ ಹಂಚಿ ನಗಿಸಿದ್ದೇನೆ.

ಮೊನ್ನೆ ಪುರವರದ ಮದುವೆಯೊಂದರಲ್ಲಿ ಪಕ್ಕದ ಎಲೆಯವರು, “ಸಾರ್, ಆ ಫುಟ್‌ಬಾಲ್ ಕಥೆ ಹೇಳಿ” ಎಂದರು.

“ವದ್ದು” ಎಂದೆ.

ಇಡೀ ಪಂಕ್ತಿ ನಕ್ಕಿತು. ಕಥೆ ಶುರುವಾಯಿತೆಂದುಕೊಂಡರು.