ಊರಿನ ದನಿ ತಗ್ಗಿಸುತ್ತಿದ್ದ ನನ್ನ ತಮ್ಮ

ನನ್ನ ತಮ್ಮನನ್ನು ಮಾರುಕಟ್ಟೆಯಲ್ಲಿ ಎಲ್ಲರೂ 'ಹಲೋ' ಎಂದೇ ಕರೆಯುತ್ತಾರೆ. ಮೈಕ್ ಸೆಟ್ ಬಾಡಿಗೆಗೆ ಕೊಡುವ ಘನಂದಾರಿ ಮನುಷ್ಯ. ಪುರಸಭೆಯವರು ಜನರ ಅಹವಾಲು ಕೇಳುವ ಸಭೆ ಕರೆದಾಗಲೆಲ್ಲ ಅವನದೇ ಮೈಕು, ಅವನದೇ ಸ್ಪೀಕರು. ವೇದಿಕೆಯ ಪಕ್ಕದ ಮೇಜಿನ ಹಿಂದೆ ಕೂತು ಗುಂಡಿ ತಿರುಗಿಸುತ್ತಾನೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರೆ, ಮಾತಾಡುತ್ತಿರುವವರ ದನಿ ಮೆಲ್ಲಗೆ ಇಳಿಯಬೇಕು. ಆಮೇಲೆ ಇವನು ಎದ್ದು ವೈರು ಅಲ್ಲಾಡಿಸಿ, "ಏನೋ ಪ್ರಾಬ್ಲಮ್ ಆಗಿದೆ ಸಾರ್" ಅನ್ನಬೇಕು. ಇದನ್ನು ಊಟಕ್ಕೆ ಕೂತಾಗ ಕಿಸಿಕಿಸಿ ನಗುತ್ತ ಹೇಳಿಕೊಳ್ಳುತ್ತಿದ್ದ. ಥೂ, ನಾಚಿಕೆಗೆಟ್ಟವನು!

"ಇಡೀ ಊರಿನ ಬಾಯಿ ನನ್ನ ಬೆರಳಲ್ಲಿದೆ ಅಕ್ಕ," ಎಂದಿದ್ದ. ಬೆರಳು ಅವನದಾದರೂ ಆಡಿಸುವವರು ಬೇರೆ ಎಂದು ಹೊಳೆಯುವಷ್ಟು ಬುದ್ಧಿ ಆ ತಲೆಗೆ ಎಲ್ಲಿಂದ ಬರಬೇಕು?

ನಾನೂ ಅವನ ಹೆಂಡತಿಯೂ ಮಾರುಕಟ್ಟೆಯಲ್ಲಿ ಅಕ್ಕಪಕ್ಕ ಕೂತು ತರಕಾರಿ ಮಾರುತ್ತೇವೆ. ಬೆಳಗ್ಗೆ ಕೂತರೆ ಕತ್ತಲಾಗುವವರೆಗೆ. ಅಲ್ಲಿ ಹೆಂಗಸರಿಗೆಂದು ಇದ್ದದ್ದು ಒಂದೇ ಶೌಚಾಲಯ. ಚಿಲಕ ಮುರಿದಿತ್ತು, ಹಗ್ಗ ಕಟ್ಟಿಕೊಳ್ಳುತ್ತಿದ್ದೆವು, ಆದರೂ ಇತ್ತು. ಅದನ್ನು ಕೆಡವಿ ಕಾರು ನಿಲ್ಲಿಸಲು ಜಾಗ ಮಾಡುತ್ತೇವೆ, ಆಕ್ಷೇಪಣೆ ಇದ್ದವರು ಸಭೆಗೆ ಬಂದು ಹೇಳಿ ಎಂದು ಗೋಡೆಗೆ ಅಂಟಿಸಿದರು. ಹೋದೆವು.

ನಾನು ಮೈಕಿನ ಮುಂದೆ ನಿಂತು "ನಾವೆಲ್ಲಿಗೆ ಹೋಗೋದು ಸ್ವಾಮಿ?" ಎನ್ನುವಷ್ಟರಲ್ಲಿ ಅಧ್ಯಕ್ಷರು ಕನ್ನಡಕ ತೆಗೆದರು. ನಾನು ತಮ್ಮನನ್ನೇ ದುರುಗುಟ್ಟಿ ನೋಡಿದೆ. ನಾನು ಎತ್ತಿ ಆಡಿಸಿದ ಕೂಸು ತಲೆ ತಗ್ಗಿಸಿ ಗುಂಡಿ ತಿರುಗಿಸಿಯೇಬಿಟ್ಟಿತು. ಮೈಯೆಲ್ಲ ಉರಿದುಹೋಯಿತು. ತರಕಾರಿ ಕೂಗಿ ಕೂಗಿ ಮಾರಿದ ಗಂಟಲು ನನ್ನದು, ಯಾರಿಗೆ ಬೇಕು ಇವನ ಮೈಕು? ಹೇಳಬೇಕಾದದ್ದನ್ನೆಲ್ಲ ಕೊನೆಯ ಸಾಲಿಗೂ ಕೇಳುವಂತೆ ಹೇಳಿದೆ.

ಅಧ್ಯಕ್ಷರು ಮುಗುಳ್ನಕ್ಕರು. "ಮೈಕಲ್ಲಿ ರೆಕಾರ್ಡ್ ಆದದ್ದು ಮಾತ್ರ ಲೆಕ್ಕಕ್ಕಮ್ಮ," ಎಂದು ಗುಮಾಸ್ತನತ್ತ ತಿರುಗಿದರು. "ಯಾರದೂ ಆಕ್ಷೇಪಣೆ ಇಲ್ಲ ಅಂತ ಬರ್ಕೊಳ್ರಿ."

ಮುಂದಿನ ವಾರ ಶೌಚಾಲಯ ನೆಲಸಮವಾಯಿತು.

"ನಾನೇನ್ಮಾಡ್ಲಿ, ಹೊಟ್ಟೆಪಾಡು," ಎಂದ ಹಲೋ.

"ಹೊಟ್ಟೆ ಕೆಳಗಿನ ಪಾಡು ಯಾರು ನೋಡ್ಬೇಕು?" ಎಂದಳು ಅವನ ಹೆಂಡತಿ. "ನಾಳೆಯಿಂದ ಮಧ್ಯಾಹ್ನ ನಿಮ್ಮ ಮೈಕ್ ಸೆಟ್ ವ್ಯಾನ್ ತಗೊಂಡು ಬನ್ನಿ. ನನ್ನನ್ನ ಮನೆಗೆ ಕರ್ಕೊಂಡು ಹೋಗಿ, ವಾಪಸ್ ತಂದು ಬಿಡಿ."

ಬಂದ. ಅವಳ ಹಿಂದೆಯೇ ನಾನೂ ವ್ಯಾನು ಹತ್ತಿದೆ. ನನ್ನ ಹಿಂದೆ ಹೂವಿನವಳು, ಮೀನಿನವಳು, ಪಾತ್ರೆಯವಳು, ಅವಳ ಅತ್ತೆ. ಜಾಗವಿಲ್ಲದೆ ಸ್ಪೀಕರುಗಳ ಮೇಲೆ ಕೂತೆವು.

"ಅಯ್ಯಯ್ಯೋ, ಅದರ ಮೇಲೆ ಕೂರ್ಬೇಡ್ರೇ!" ಎಂದು ಬಾಯಿ ಬಡಿದುಕೊಂಡ.

"ಏನಪ್ಪಾ? ಏನೂ ಕೇಳಿಸ್ತಿಲ್ವಲ್ಲ," ಎಂದಳು ಮೀನಿನವಳು.

ದಿನವೂ ಇದೇ ಮೆರವಣಿಗೆ. ಅವನ ಮನೆಯ ಶೌಚಾಲಯದ ಸಾಲು ಬೀದಿಗೆ ಬಂತು, ನೀರಿನ ತೊಟ್ಟಿ ಬರಿದಾಯಿತು. ಒಂದು ಮಧ್ಯಾಹ್ನ ಅವನಿಗೇ ಹೊಟ್ಟೆ ಕೆಟ್ಟು ಸ್ವಂತ ಮನೆಯ ಬಾಗಿಲ ಮುಂದೆ ಕುಣಿಯುತ್ತಿದ್ದ. "ಸಾಲಲ್ಲಿ ಬಾ," ಎಂದು ಹೂವಿನವಳು ಗದರಿದಳು. ಅವನ ಪಾಡು ನೋಡಿ ನನಗೆ ಒಂದು ಚೂರೂ ಅಯ್ಯೋ ಅನ್ನಿಸಲಿಲ್ಲ.

ಮತ್ತೆ ಸಭೆ ಸೇರಿತು. "ಯಾರಾದ್ರೂ ಮಾತಾಡೋರಿದೀರಾ?" ಎಂದು ಅಧ್ಯಕ್ಷರು ಕೇಳಿದ್ದೇ ತಡ, ನಮ್ಮ ಹಲೋ ಮೇಜು ಬಿಟ್ಟೆದ್ದು ಬಂದು ಜನರ ಮೈಕಿನ ಮುಂದೆ ನಿಂತ.

"ಸಾರ್, ಮಾರ್ಕೆಟ್ ಹೆಂಗಸರೆಲ್ಲ ನಮ್ಮನೆಗೇ ಬರ್ತಾರೆ. ನನಗೇ ಜಾಗ ಇಲ್ಲ. ಅಲ್ಲೇ ಶೌಚಾಲಯ ಕಟ್ಟಿಸ್ಕೊಡಿ ಸಾರ್."

ಅಧ್ಯಕ್ಷರು ಮೇಜಿನ ಕಡೆ ತಿರುಗಿದರು. ಕುರ್ಚಿ ಖಾಲಿ. ಒಂದಕ್ಷರ ಬಿಡದೆ ಎಲ್ಲವೂ ರೆಕಾರ್ಡ್ ಆಯಿತು.

ಇದಕ್ಕಾಗಿ ಯಾರೂ ಅವನಿಗೆ ಹಾರ ಹಾಕಬೇಕಿಲ್ಲ. ತನ್ನ ಕಾಲಬುಡಕ್ಕೆ ಬಂದಾಗ ಬಾಯಿ ಬಂತು, ಅಷ್ಟೇ. ಆದರೆ ಅವನ ಬೆನ್ನಿಗೆ ನಾವೆಲ್ಲ ಎದ್ದು ಸಾಲು ಹಿಡಿದೆವು. ಅಷ್ಟು ಜನರನ್ನು ನೋಡಿ ಹೆದರಿ ಅವನು ಮೇಜಿನತ್ತ ನುಸುಳಲು ಹೊರಟ. ಹೆಂಡತಿ ಅವನ ಅಂಗಿಯ ಕೊರಳಪಟ್ಟಿ ಹಿಡಿದಳು.

"ಇಲ್ಲೇ ನಿಂತ್ಕೊಳ್ಳಿ. ಎಲ್ಲರದೂ ಮುಗೀಲಿ."