ಜಿಡ್ಡು ಕಂಡರಾಗದ ಛೀ ಮಾವ

ಓಣಿಯವರೆಲ್ಲ ಅವನನ್ನು ಛೀ ಮಾವ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವಳು ಅವನ ತಂಗಿಯ ಮಗಳು, ಇನ್ನೂ ಮಾತು ಕಲಿಯುತ್ತಿದ್ದಾಗ. ಅವಳು ಚೀಪಿದ ಚಮಚ ಮೇಜಿನ ಮೇಲಿಟ್ಟರೆ ಛೀ, ಕಿಟಕಿಯ ಗಾಜಿಗೆ ಮೂಗು ಒತ್ತಿದರೆ ಛೀ, ಮುದ್ದು ಬಂದು ಕೆನ್ನೆಗೆ ಮುತ್ತಿಟ್ಟರೂ ಛೀ. ಮಗು ಅದೇ ಅವನ ಹೆಸರೆಂದುಕೊಂಡಿತು. ತಪ್ಪೇನೂ ಇರಲಿಲ್ಲ.

ಹೊಟ್ಟೆಪಾಡಿಗೆ ಅವನು ಹಲ್ಲಿನ ಸೆಟ್ಟು ಮಾಡುತ್ತಿದ್ದ. ದಂತವೈದ್ಯರ ಕಡೆಯಿಂದ ಬರುವ ಬಾಯಿಯ ಅಚ್ಚುಗಳಲ್ಲಿ ಒಮ್ಮೊಮ್ಮೆ ಯಾರದೋ ಮಧ್ಯಾಹ್ನದ ಊಟದ ಚೂರು ಅಂಟಿಕೊಂಡಿರುತ್ತಿತ್ತು. ಮುಖ ಹಿಂಡಿಕೊಂಡು, ಚಿಮಟದಿಂದ ಅದನ್ನು ಕಿತ್ತು, ಮೂರು ಸಲ ತೊಳೆದು ಕೆಲಸ ಶುರುಮಾಡುತ್ತಿದ್ದ. ಊರವರ ಎಂಜಲಿನಲ್ಲಿ ತನ್ನ ಅನ್ನವಿದೆ ಎಂಬುದು ಅವನಿಗೆ ಮರೆಯುವಂತಿರಲಿಲ್ಲ. ಬಸ್ಸಿನ ಕಂಬಿ ಹಿಡಿಯುತ್ತಿರಲಿಲ್ಲ. ಮದುವೆಮನೆಯಲ್ಲಿ ಉಣ್ಣುತ್ತಿರಲಿಲ್ಲ. ಕೂದಲನ್ನು ತಾನೇ, ಮನೆಯ ಬಚ್ಚಲಲ್ಲಿ, ಕನ್ನಡಿ ನೋಡಿಕೊಂಡು ಕತ್ತರಿಸಿಕೊಳ್ಳುತ್ತಿದ್ದ. ತಂಗಿಯ ಗಂಡ ಕ್ಷೌರಿಕ, ಅದೇ ಬೀದಿಯ ಕೊನೆಯಲ್ಲಿ ಅವನ ಸಲೂನು. ಆದರೂ ಅಷ್ಟೇ.

ಇಂಥವನು ಜನರ ನಡುವೆ ಮೂಗು ಮುಚ್ಚಿಕೊಳ್ಳದೆ ನಿಲ್ಲುತ್ತಿದ್ದ ಜಾಗ ಒಂದೇ ಒಂದು. ಹಳೆಯ ಗೋದಾಮೊಂದರ ನೆಲಕ್ಕೆ ಬೂದು ಕಾರ್ಪೆಟ್ ಹಾಸಿ, ಭಾನುವಾರ ರಿಮೋಟ್ ಕಾರುಗಳನ್ನು ಓಡಿಸುತ್ತಿದ್ದರು. ಹರೆಯದಲ್ಲಿ ಅವನೂ ಈ ಕ್ಷೌರಿಕ ಭಾವನೂ ಒಂದೊಂದು ಕಾರು ಕೊಂಡಿದ್ದರು. ಆ ಕಾಲದ ಮೋಟಾರಿನೊಳಗೆ ತಾಮ್ರದ ಪುಟ್ಟ ಉರುಳೆ ತಿರುಗುತ್ತದೆ. ಅದನ್ನು ಎರಡು ಕಡೆಯಿಂದ ಕಾರ್ಬನ್ ಬ್ರಷ್ಷುಗಳು ಉಜ್ಜುತ್ತಿರುತ್ತವೆ. ಉಜ್ಜಿದಂತೆ ಕಪ್ಪು ಪುಡಿ ಉದುರುತ್ತದೆ. ಆ ಪುಡಿ ತೆಗೆಯುವುದರಲ್ಲಿ ಛೀ ಮಾವನನ್ನು ಮೀರಿಸುವವರಿರಲಿಲ್ಲ. ಹಳೇ ಕಾರು ಇದ್ದವರೆಲ್ಲ ಮೋಟಾರು ಬಿಚ್ಚಿ ಅವನ ಕೈಗಿಡುತ್ತಿದ್ದರು. ಅವನು ಕೈಗವಸು ತೊಟ್ಟು, ಹಲ್ಲಿನ ಸೆಟ್ಟು ಕೆರೆಯುವ ಕೊಕ್ಕೆಗಳಿಂದಲೇ ಕೆರೆದು, ಸ್ಪ್ರೇ ಹೊಡೆದು, ಹೊಳೆಯುವಂತೆ ಮಾಡಿ ಕೊಡುತ್ತಿದ್ದ. ಛೀ ಎನ್ನುತ್ತಲೇ ಕೊಡುತ್ತಿದ್ದ. ಯಾರೂ ಬೇಸರಪಟ್ಟುಕೊಳ್ಳುತ್ತಿರಲಿಲ್ಲ.

ಆ ವರ್ಷ ಮೋಟಾರುಗಳು ಓಡುವಾಗ ಕಾದು ಹೊಗೆಯಾಡತೊಡಗಿದವು. ಮೊದಲು ಒಬ್ಬ ಟ್ಯಾಕ್ಸಿ ಡ್ರೈವರನದು, ಆಮೇಲೆ ಡ್ರಾಯಿಂಗ್ ಮೇಷ್ಟ್ರದು. ಕೊನೆಗೊಂದು ಭಾನುವಾರ ಭಾವನ ಹಳದಿ ಕಾರು ತಿರುವಿನಲ್ಲಿ ನಿಂತು ಹೊಗೆ ಉಗುಳಿತು. ಕಾರ್ಪೆಟ್ಟಿನಲ್ಲಿ ಅಂಗೈಯಗಲ ತೂತು.

ಗೋದಾಮಿನ ಮಾಲೀಕ ಕಾಲ ತುದಿಯಿಂದ ಆ ತೂತನ್ನು ತಟ್ಟಿ ನೋಡಿದ. "ನೋಡ್ರಪ್ಪ, ಇದು ಮೂರನೇದು. ಬರೋ ವಾರ ಇನ್ನೊಂದು ಹೊಗೆಯಾಡ್ತು ಅಂದ್ರೆ ಹಳೇ ಮೋಟಾರಿನ ಗಾಡಿ ಎಲ್ಲಾ ಹೊರಗೆ. ಈಗ ಬ್ರಷ್ಷೇ ಇಲ್ಲದ ಹೊಸ ಮೋಟಾರ್ ಬಂದಿದೆ. ಹಾಕ್ಕೊಂಡು ಬನ್ನಿ, ಬೇಡ ಅನ್ನಲ್ಲ."

ಬ್ರಷ್ಷೇ ಇಲ್ಲದ ಮೋಟಾರಿನಲ್ಲಿ ಪುಡಿಯಿಲ್ಲ. ಪುಡಿಯಿಲ್ಲದ ಮೇಲೆ ಛೀ ಮಾವನಿಗೆ ಅಲ್ಲಿ ಏನು ಕೆಲಸ? ಅಂದು ಮನೆಗೆ ಬರುವಾಗ ಅವನು ಯಾರಿಗೂ ಛೀ ಎನ್ನಲಿಲ್ಲ.

ಮರುದಿನ ಭಾವ ಕಾರು ಎತ್ತಿಕೊಂಡು ಬಂದ. ಛೀ ಮಾವ ಹಿಂದಿನ ಚಕ್ರ ಕಳಚಿದ. ಚಕ್ರದ ಅಚ್ಚಿಗೆ ಕೂದಲು ಸುತ್ತಿಕೊಂಡಿತ್ತು. ಕರಿಯದು, ನರೆತದ್ದು, ಕೆಂಪು ಬಣ್ಣ ಹಚ್ಚಿದ್ದು, ಎಲ್ಲ ಜಿಡ್ಡಿನಲ್ಲಿ ಹೆಣೆದು ಒಂದು ಉಂಡೆ.

"ಭಾವ, ಇದು ಕಾರೋ, ನಿಮ್ಮ ಸಲೂನಿನ ಕಸದ ಬುಟ್ಟಿಯೋ?"

"ನಿಮಗೆ ಬೇರೆಯವರ ಹಲ್ಲು ಅನ್ನ ಹಾಕುತ್ತೆ, ನನಗೆ ಕೂದಲು. ಬೈಬೇಡಿ ಮಾವನವರೇ, ಲಕ್ಷ್ಮಿ ಅದು." ಮಗಳ ಹಾಗೆ ಭಾವನೂ ಅವನನ್ನು ಮಾವ ಎಂದೇ ಕರೆಯುತ್ತಿದ್ದ.

"ಲಕ್ಷ್ಮಿ! ಹೇನಿರೋ ಲಕ್ಷ್ಮಿ. ಛೀ!"

ಚಿಮಟದ ತುದಿಯಲ್ಲಿ ಉಂಡೆಯನ್ನು ದೂರ ಹಿಡಿದು, ಕಾಗದದಲ್ಲಿ ಸುತ್ತಿ, ಹೊರಗೆ ಎಸೆದು ಬಂದ. ಹಲ್ಲುಚಕ್ರಗಳ ನಡುವೆ ಕಾಗದದ ಪಟ್ಟಿ ತೂರಿಸಿ ಬಿಗಿ ಹೆಚ್ಚಿದೆಯೇ ಎಂದು ನೋಡಿದ. ಇರಲಿಲ್ಲ. ಮೋಟಾರಿನ ಮೇಲಿನ ಭಾರ ಕಡಿಮೆಯಾಗಲೆಂದು ಒಂದು ಹಲ್ಲು ಕಡಿಮೆಯಿರುವ ಚಕ್ರ ಹಾಕಿದ. ಬ್ರಷ್ ಹೊಸದು, ಸ್ಪ್ರಿಂಗ್ ಹೊಸದು. ತಾಮ್ರವನ್ನು ಕನ್ನಡಿಯಂತೆ ಉಜ್ಜಿದ. ಕಡೆಗೆ, ಆ ವರ್ಷವಷ್ಟೇ ತರಿಸಿದ್ದ, ಜಿಡ್ಡು ಕಳೆಯುವ ಘಾಟು ಸ್ಪ್ರೇ ತೆಗೆದು, ಇಳಿಯುವ ಹನಿ ನೀರಿನಂತೆ ತಿಳಿಯಾಗುವವರೆಗೆ ಮೋಟಾರನ್ನು ತೊಳೆದ.

ಓಣಿಯಲ್ಲಿ ಓಡಿಸಿದರು. ನಾಲ್ಕು ಸುತ್ತಿಗೇ ಸುಟ್ಟ ವಾರ್ನಿಷ್ ವಾಸನೆ. ಮತ್ತೆ ಬಿಚ್ಚಿದ, ಇನ್ನೂ ಚೆನ್ನಾಗಿ ತೊಳೆದ. ಮೋಟಾರು ಇನ್ನೂ ಚೆನ್ನಾಗಿ ಕಾದಿತು. ಅಷ್ಟರಲ್ಲಿ ಭಾವ ಎಂದಿನಂತೆ ಬರಿಗೈಯಲ್ಲಿ ಕಾರು ಎತ್ತಿಕೊಂಡದ್ದು ಅವನ ಕಣ್ಣಿಗೆ ಬಿತ್ತು. ಉಗುರಸಂದಿಯಲ್ಲಿ ಸೋಪಿನ ನೊರೆ ಒಣಗಿತ್ತು. ಮೊಣಕೈಗೆ ಯಾರದೋ ಗಡ್ಡದ ಚೂರು.

"ನಾನು ತೊಳೆದು ಏನು ಪ್ರಯೋಜನ? ನಿಮ್ಮ ಕೈಯೇ ಗಲೀಜು. ಆ ಕೈ ಮುಟ್ಟಿದ್ದನ್ನ ನನ್ನ ತಂಗಿ ಹೇಗೆ ತಿಂತಾಳೋ!"

ಭಾವ ನಗುತ್ತಾನೆಂದುಕೊಂಡಿದ್ದ. ಭಾವ ನಗಲಿಲ್ಲ. ಕಾರನ್ನು ಮೆಟ್ಟಿಲ ಮೇಲಿಟ್ಟ. ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, ಅದನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ.

ಶನಿವಾರ ತಂಗಿ ಬಂದಳು. ಬಟ್ಟೆ ಹೊಲಿಯುವವಳು. ಹೆಗಲ ಚೀಲದಲ್ಲಿ ಟೇಪು, ಕತ್ತರಿ, ಮಷೀನಿನ ಎಣ್ಣೆಯ ಶೀಸೆ ಸದಾ ಇರುತ್ತಿದ್ದವು.

"ಏನಂದೆ ಅಣ್ಣ ಅವರಿಗೆ? ಐದು ದಿನದಿಂದ ಊಟಕ್ಕೆ ಕೂತಾಗ ಕೈ ತೊಳೀತಾನೇ ಇದ್ದಾರೆ. ಚರ್ಮ ಕಿತ್ತು ಬರೋ ಹಾಗೆ."

ಛೀ ಮಾವ ಹಳದಿ ಕಾರಿನ ಮೋಟಾರಿಗೆ ಬ್ಯಾಟರಿಯ ತಂತಿ ಮುಟ್ಟಿಸಿದ. ಅದು ಕೀಚಲಾಗಿ ಕೂಗುತ್ತ ತಿರುಗಿತು.

"ನಿಲ್ಲಿಸು. ಇನ್ನೊಂದ್ಸಲ ತಿರುಗಿಸು," ಎಂದಳು ತಂಗಿ. ಕಿವಿ ಹತ್ತಿರ ತಂದಳು. "ಇದು ಎಣ್ಣೆ ಕಾಣದ ಮಷೀನು ಅಳೋ ಅಳು. ಎಣ್ಣೆ ಯಾವಾಗ ಬಿಟ್ಟಿದ್ದೆ?"

"ಎಣ್ಣೆನಾ? ಬ್ರಷ್ಷಿಗೆ ತಾಗಿದ್ರೆ ಪುಡಿ ಕಲಸಿ ಕೆಸರಾಗುತ್ತೆ. ಛೀ!"

"ಬ್ರಷ್ಷಿಗೆ ಬಿಡು ಅಂದ್ನಾ? ಕಡ್ಡಿ ಕೂತು ತಿರುಗೋ ಜಾಗಕ್ಕೆ ಏನು ಬಿಟ್ಟೆ?"

ಮೋಟಾರಿನ ಕಡ್ಡಿ ಎರಡು ತುದಿಯಲ್ಲಿ ಪುಟ್ಟ ಕಂಚಿನ ಬುಷ್ಷುಗಳಲ್ಲಿ ಕೂತಿರುತ್ತದೆ. ಬುಷ್ಷಿನ ಮೈತುಂಬ ಕಾಣದಷ್ಟು ಸಣ್ಣ ರಂಧ್ರಗಳು. ಅವು ಎಣ್ಣೆ ಕುಡಿದು ಹಿಡಿದಿಟ್ಟುಕೊಂಡು ಕಡ್ಡಿಯನ್ನು ನುಣ್ಣಗೆ ತಿರುಗಿಸುತ್ತವೆ. ಅವನಿಗೆ ಗೊತ್ತಿಲ್ಲದ್ದೇನಲ್ಲ. ಮೊದಮೊದಲು ತೊಳೆದಾದ ಮೇಲೆ ತುದಿಗೊಂದು ಹನಿ ತಪ್ಪದೆ ಬಿಡುತ್ತಿದ್ದ. ಆಮೇಲೆ, ಅಷ್ಟು ಹೊಳೆಯುವ ಲೋಹದ ಮೇಲೆ ಆ ಹನಿ ಹರಡಿಕೊಳ್ಳುವುದನ್ನು ನೋಡಲಾಗದೆ, ಒಳಗೆ ಇದ್ದೇ ಇರುತ್ತದಲ್ಲ ಎಂದು ಬಿಟ್ಟುಬಿಟ್ಟ. ಹಳೆಯ ಸ್ಪ್ರೇಗೆ ಅದು ನಡೆದಿತ್ತು. ಹೊಸ ಸ್ಪ್ರೇ ರಂಧ್ರದೊಳಗಿನ ಪಸೆಯನ್ನೂ ಹೀರಿ ತೆಗೆದಿತ್ತು. ತೊಳೆದಷ್ಟೂ ಒಣಗಿತು, ಒಣಗಿದಷ್ಟೂ ಕಾದಿತು, ಕಾದಷ್ಟೂ ಅವನು ತೊಳೆದ. ಹೊಗೆಯಾಡಿದ ಮೂರೂ ಮೋಟಾರು ಅವನ ಕೈಯಲ್ಲಿ ಮಿಂದು ಹೋದವೇ.

ಅಚ್ಚಿಗೆ ಅಂಟಿದ ಯಾವ ಎಂಜಲನ್ನು ಕಂಡಾಗಲೂ ಅವನಿಗೆ ಇಷ್ಟು ಹೇಸಿಗೆಯಾಗಿರಲಿಲ್ಲ.

ತಂಗಿ ಸೂಜಿಯ ತುದಿಯನ್ನು ಎಣ್ಣೆಯಲ್ಲಿ ಅದ್ದಿ ಚಾಚಿದಳು. ಕೈಗವಸಿನ ಬೆರಳಿಗೆ ಸೂಜಿ ಜಾರಿತು. ಅವನು ಗವಸು ಕಿತ್ತೆಸೆದು ಸೂಜಿ ಹಿಡಿದ, ಹಳದಿ ಕಾರಿನ ಬುಷ್ಷಿಗೆ ಹನಿ ಬಿಟ್ಟ.

ಭಾನುವಾರ ಗೋದಾಮಿನಲ್ಲಿ ಭಾವ ಗೋಡೆಗೆ ಒರಗಿ ನಿಂತಿದ್ದ, ಹೆಗಲ ಮೇಲೆ ಅಂಗಡಿಯ ಟವೆಲು. ಛೀ ಮಾವ ಹಳದಿ ಕಾರನ್ನು ಅವನ ಮುಂದಿಟ್ಟ. ಭಾವ ಅದನ್ನು ಮುಟ್ಟಲಿಲ್ಲ.

ಓಟ ಶುರುವಾಗುವ ಗೆರೆಯ ಬಳಿ ಡ್ರೈವರನೂ ಮೇಷ್ಟ್ರೂ ತಮ್ಮ ಕಾರು ಹಿಡಿದು ಸಿದ್ಧರಾಗಿದ್ದರು. ಸುಟ್ಟವುಗಳ ಬದಲಿಗೆ ಅವುಗಳಿಗೆ ಹಾಕಿದ್ದ ಬ್ರಷ್ ಮೋಟಾರುಗಳನ್ನೂ ಛೀ ಮಾವನೇ ತೊಳೆದಿದ್ದ. ಸುಮ್ಮನಿದ್ದರೆ ಹೊಗೆ, ಹೊಗೆಯಾದರೆ ಎಲ್ಲರೂ ಹೊರಗೆ. ಬಾಯಿಬಿಟ್ಟರೆ ಇನ್ನು ಯಾರೂ ಅವನ ಕೈಗೆ ಏನನ್ನೂ ಕೊಡಲಿಕ್ಕಿಲ್ಲ. ಅವನು ಹೋಗಿ ಗೆರೆಯ ಮೇಲೆ ನಿಂತುಕೊಂಡ.

"ಓಡಿಸಬೇಡಿ. ಸುಟ್ಟದ್ದು ಮೋಟಾರಿನ ತಪ್ಪಲ್ಲ, ವಯಸ್ಸಿನ ತಪ್ಪೂ ಅಲ್ಲ. ನಾನು ತೊಳೆದು ತೊಳೆದು ಬುಷ್ ಒಣಗಿಸಿಬಿಟ್ಟೆ. ಭಾವನ ಕೈಗೆ ಹೇಸಿದೆ. ಹೇಸಬೇಕಾಗಿದ್ದು ಈ ಕೈಗೆ."

ಮಾಲೀಕ ಹುಬ್ಬೇರಿಸಿದ. "ಅಂದ್ರೆ ನನ್ನ ಕಾರ್ಪೆಟ್ ಸುಟ್ಟಿದ್ದು ನಿಮ್ಮ ಮಡಿ ಅನ್ನಿ!"

ಎಲ್ಲರೂ ನಕ್ಕರು. ಡ್ರೈವರ್ ಮಾತ್ರ ನಗಲಿಲ್ಲ. ಛೀ ಮಾವ ತಂಗಿಯಿಂದ ತಂದಿದ್ದ ಎಣ್ಣೆಯ ಶೀಸೆಯನ್ನು ಅವನು ಕಸಿದುಕೊಂಡು ತಾನೇ ಎಣ್ಣೆ ಬಿಟ್ಟುಕೊಂಡ. ಮುಂದೆಂದೂ ಅವನು ಛೀ ಮಾವನ ಕೈಗೆ ಮೋಟಾರು ಕೊಡಲಿಲ್ಲ. ಮೇಷ್ಟ್ರು ಕಾರನ್ನು ತಿರುಗಿಸಿ ಹಿಡಿದರು. ಛೀ ಮಾವ ಬರಿಗೈಯಲ್ಲಿ ತುದಿಗೊಂದು ಹನಿ ಬಿಟ್ಟು, ಹೆಚ್ಚಾದದ್ದನ್ನು ಬೆರಳಿನಿಂದಲೇ ಒರೆಸಿದ.

ಎರಡು ಕಾರುಗಳು ಹೊರಟವು. ಸ್ವಲ್ಪ ಹೊತ್ತಿಗೆ ಹಳದಿಯದೂ ಹೊರಟಿತು. ರಿಮೋಟು ಭಾವನ ಕೈಯಲ್ಲಿತ್ತು.

ಓಟ ಮುಗಿದಾಗ ಮಾಲೀಕ ಬಗ್ಗಿದ. ಅವನಿಗಿಂತ ಮೊದಲು ಛೀ ಮಾವ ತನ್ನ ಬೆರಳನ್ನು ಹಳದಿ ಕಾರಿನ ಮೋಟಾರಿನ ಮೇಲೆ ಒತ್ತಿದ. ಬಿಸಿಯಿತ್ತು, ಜ್ವರ ಬಂದ ಹಣೆಯಷ್ಟು. ಕಾರ್ಪೆಟ್ಟಿನ ನೂಲು, ಕಪ್ಪು ಪುಡಿ, ಎಣ್ಣೆ ಎಲ್ಲ ಬೆರಳಿಗೆ ಮೆತ್ತಿಕೊಂಡವು. ಅವನು ತೆಗೆಯಲಿಲ್ಲ. ಮಾಲೀಕ ತಾನೂ ಮುಟ್ಟಿ ನೋಡಿದ. "ಹೂಂ. ಹಳೇ ಗಾಡೀನೂ ಇರಲಿ ಬಿಡಿ," ಎಂದು ಆಚೆ ಹೋದ.

ಭಾವ ಹೆಗಲಿನ ಟವೆಲು ತೆಗೆದು ಚಾಚಿದ. "ಒರೆಸ್ಕೊಳ್ಳಿ ಮಾವನವರೇ. ಬೆಳಿಗ್ಗೆಯಿಂದ ಆರು ತಲೆ ಕಂಡಿದೆ ಇದು."

ಛೀ ಮಾವ ಒರೆಸಿಕೊಂಡ. ಎಣ್ಣೆಯ ಬೆರಳಿಗೆ ಆರು ತಲೆಯ ಕೂದಲೂ ಅಂಟಿಕೊಂಡಿತು. ಅದನ್ನು ಬೆಳಕಿಗೆ ಹಿಡಿದು ನೋಡಿ, ಮೈಯೆಲ್ಲ ಮುದುರಿಕೊಂಡು, "ಛೀ!" ಎಂದ. ಇನ್ನೊಂದು ಕೈಯನ್ನೂ ಚಾಚಿದ.