ಬೀಜಕ್ಕೆ ಬಿಟ್ಟ ಮೂರು ಬದನೆಕಾಯಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಳಸಾಪುರದ ಹಳ್ಳದ ದಂಡೆಯ ತೋಟದಲ್ಲಿ ಹನಮಂತವ್ವ ಮೊಣಕಾಲೂರಿ ಕುಳಿತು, ಬದನೆ ಗಿಡಗಳ ಬುಡದಿಂದ ಬೂದಿಯನ್ನು ಬೆರಳ ತುದಿಯಿಂದ ಕೆರೆದು ಬುಟ್ಟಿಗೆ ಹಾಕುತ್ತಿದ್ದಾಳೆ. ಬದುವಿನ ಮೇಲೆ ಮೈದುನ ದ್ಯಾಮಪ್ಪ ತಪ್ಪು ಮಾಡಿದ ಮುಖ ಹೊತ್ತು ನಿಂತಿದ್ದಾನೆ. ಅತ್ತಿಗೆ ಬರುವ ಮೊದಲೇ ಒಂದು ಸಾಲಿಗೆ ಒಲೆಯ ಬೂದಿ ಚೆಲ್ಲಿದವನು ಅವನೇ.

"ಎಲಿಗೆ ಹೇನು ಹತ್ಯಾವಂತ ಹಾಕಿದ್ನಿ, ವೈನಿ. ನಮ್ಮವ್ವ ಎಲ್ಲಾ ಗಿಡಕ್ಕೂ ಹಾಕತಿದ್ದಳಲ್ಲ?"

"ನಿಮ್ಮವ್ವನ ಹೊಲ ಸವಳಿರಲಿಲ್ಲೋ ದ್ಯಾಮಪ್ಪಾ. ಮಾತು ಸಾಕು, ಜಲ್ದಿ ಹಳ್ಳದ ನೀರು ತಾ. ಬಾವಿಗೆ ಕೊಡ ಇಳಿಸಿದ್ಯೋ, ಕೈ ಮುರೀತೀನಿ!"

ಈ ನೆಲ ಸವಳು, ಉಪ್ಪುಮಣ್ಣು; ಬಾವಿಯ ನೀರೂ ಉಪ್ಪು. ಬೇಸಿಗೆಯಲ್ಲಿ ಈ ಅರ್ಧ ಎಕರೆಯ ಮೇಲೆ ಸುಣ್ಣ ಬಳಿದಂತೆ ಬಿಳಿ ಪದರು ಏಳುತ್ತದೆ. ಗಂಡ ಹೊಳೆಯಪ್ಪ ತೀರಿಕೊಂಡು ಮೂರು ವರ್ಷ. ಆತ ತೋಡಿದ ಬಸಿಗಾಲುವೆ ಮಳೆಗಾಲದಲ್ಲಿ ಇಂದಿಗೂ ಉಪ್ಪುನೀರನ್ನು ಹಳ್ಳಕ್ಕೆ ಬಿಡುತ್ತಿದೆ. ತೋಡಿದ ಕೈ ಇಲ್ಲ. ಉಳಿದ ಕೆಲಸ ಹನಮಂತವ್ವನದು. ಬೇಸಾಯ ಖಾತೆಯವರು ಹೇಳಿಕೊಟ್ಟಂತೆ ಜಿಪ್ಸಂ ಪುಡಿ ಬೆರೆಸಿ, ಮಳೆನೀರು ನಿಲ್ಲಿಸಿ, ಬಸಿದು ಬಿಡುತ್ತಾಳೆ. ಬೆಟಗೇರಿಯ ಗಿರಣಿಯಿಂದ ತಂದ ಶೇಂಗಾ ಸಿಪ್ಪೆಯನ್ನು ಸಗಣಿಯೊಡನೆ ಕೊಳೆಸಿ, ದಿನಕ್ಕೆ ಹನ್ನೆರಡು ಬುಟ್ಟಿ ಹೊತ್ತು ಹಾಕುತ್ತಾಳೆ. ಹಳ್ಳದಿಂದ ನಲವತ್ತು ಕೊಡ ನೀರು. ಕಾಲಿಡುವ ಮೊದಲು ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳುವುದು ಒಂದು ದಿನವೂ ತಪ್ಪಿಲ್ಲ.

"ದೇವರು ಕೊಟ್ಟ ಮಣ್ಣ ಇದು. ಹಟಮಾರಿ ಐತಿ, ಖರೆ. ಹಟಮಾರಿ ಕೂಸಿನ್ನ ಹೊರಗ ಹಾಕತೀವೇನು?" ಎನ್ನುತ್ತಾಳೆ, ಕೇಳಿದವರಿಗೆ.

ಹೋದ ವರ್ಷ ಬೂದಿಯ ತಪ್ಪು ಮಾಡಿದವಳು ಆಕೆಯೇ. ಸವಳಿಗೆ ಬೂದಿಯ ಕ್ಷಾರ ಸೇರಿ ಬೇರು ಸುಟ್ಟವು, ಒಂದು ಗಿಡವೂ ಉಳಿಯಲಿಲ್ಲ. ಆ ಬದನೆ ತಾಯಿ ಕೊಟ್ಟದ್ದು. ಮುಂಡರಗಿಯ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು. ಬೀಜ ಮನೆ ದಾಟಬಾರದೆಂದು ತಾಯಿಯ ಕಟ್ಟಪ್ಪಣೆ. ತಾಯಿ ಈಗಿಲ್ಲ, ತವರಿನಲ್ಲಿ ಆ ಬದನೆಯೂ ಇಲ್ಲ. ಗಡಿಗೆಯ ತಳದಲ್ಲಿ ಉಳಿದಿದ್ದ ಬೀಜವೆಲ್ಲ ಈ ಸಲ ನೆಲಕ್ಕೆ ಬಿದ್ದಿದೆ. ನಲವತ್ತಾರು ಸಸಿಗಳಲ್ಲಿ ಬದುಕಿದ್ದು ಮೂವತ್ತೊಂದು. ಮೂರು ಕಾಯಿಗಳನ್ನು ಕೊಯ್ಯದೆ, ಹಳದಿಯಾಗಿ ಹಣ್ಣಾಗಲೆಂದು ಬೀಜಕ್ಕೆ ಬಿಟ್ಟಿದ್ದಾಳೆ. ಮೂರೂ ಬೂದಿ ಬಿದ್ದ ಸಾಲಿನಲ್ಲೇ ಇವೆ.

ದ್ಯಾಮಪ್ಪ ತಂದ ನೀರಿನಲ್ಲಿ ಆಕೆ ಎಲೆ ಎಲೆಯನ್ನೂ ತೊಳೆಯುತ್ತಿರುವಾಗ ನೆರೆಮನೆಯ ಹಸೀನಾಬಿ ಬರುತ್ತಾಳೆ. ಶೇಂಗಾ ಸಿಪ್ಪೆ ಬರುವುದು ಅವಳ ಗಂಡ ಯಮನೂರಸಾಬನ ಚಕ್ಕಡಿಯಲ್ಲೇ.

"ಏನವಾ, ಗಿಡಕ್ಕ ಮಾರಿ ತೊಳಸಾಕ ಹತ್ತೀಯಲ್ಲ? ಇನ್ನ ಕಾಡಿಗಿ ಒಂದು ಹಚ್ಚಿಬಿಡು! ಗುರುವಾರ ಕನ್ನಡ ನಾಡೆಲ್ಲ ಒಂದಾಗತೈತಂತ. ಹಬ್ಬ ನೋಡಾಕ ಗದಗಿಗೆ ಚಕ್ಕಡಿ ಹೊಂಟೈತಿ, ಬರತೀಯೇನ?"

"ಇವು ಹಣ್ಣಾಗೂತನಕ ನಾ ಎಲ್ಲೂ ಬರಂಗಿಲ್ಲ ತಂಗಿ."

ಹನಮಂತವ್ವ ಬುಡದ ಮಣ್ಣು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟುಕೊಂಡು ಉಗುಳುತ್ತಾಳೆ. ಬೇರು ಸುಟ್ಟಿದೆಯೋ ಇಲ್ಲವೋ ತಿಳಿಯಲು ನಾಲ್ಕು ದಿನ ಬೇಕು. ಬಾಯೊರೆಸಿಕೊಂಡು ಹಸೀನಾಬಿಯನ್ನು ಕೇಳುತ್ತಾಳೆ:

"ನಿಮ್ಮನಿ ಗ್ವಾಡಿ ಗೂಡು ಸೋರತೈತೇನ?"

"ಇಲ್ಲವಾ. ಯಾಕ?"

"ಹಣ್ಣಾದ್ರ ಅರ್ಧ ಬೀಜ ಅಲ್ಲಿರಲಿ. ನನ್ನ ಮಣ್ಣು ಮತ್ತ ಮುನಿದರ, ನಿನ್ನ ಹಿತ್ತಲದಾಗರ ಉಳೀತಾವ."

"ನಿಮ್ಮವ್ವ ಮ್ಯಾಲಿಂದ ಬೈಯಂಗಿಲ್ಲೇನ?"

ಹನಮಂತವ್ವ ಮೂರನೆಯ ಕಾಯಿಯನ್ನು ಸೆರಗಿನಿಂದ ಒರೆಸುತ್ತಾಳೆ.

"ಬೈಯಲಿ. ಬೈಯಾಕರ ಬೀಜ ಉಳೀಬೇಕಲ್ಲ."